ವಿದ್ಯಾಕ್ಷೇತ್ರದ ಎಲ್ಲೆಯೂ ಕಾವಲೂ
(ಮಹೋತ್ಸವದ ವಿದ್ವತ್ಸಭೆಯಲ್ಲಿ ಮಾಡಿದ ಉಪನ್ಯಾಸ)



ಗದ್ದೆಗೆ ಬದುವನ್ನು ಕಟ್ಟುವುದು ನೀರು ನಿಲ್ಲಲೆಂದೇ ಹೊರತು ಬದುವಿನ ಅಂದಕ್ಕಾಗಿ ಅಲ್ಲ. ವಿದ್ಯೆಗೋಸ್ಕರ ಸರಕಾರವು ಎಳೆಯುವ ಎಲ್ಲೆಯೂ ಅಂತಹುದೇ ಆಗಿರುವುದು. ಕರ್ನಾಟಕದಲ್ಲಿ ಕಂದಾಯದ ಜಿಲ್ಲೆಗಳಲ್ಲದೆ ಶೈಕ್ಷಣಿಕ ಜಿಲ್ಲೆಗಳೆಂಬ ಬೇರೊಂದು ವಿಭಾಗವುಂಟು. ವಿಸ್ತಾರವಾದ ಬೆಳಗಾವಿ ಜಿಲ್ಲೆಯೊಳಗೆ ಚಿಕ್ಕೋಡಿಯೂ, ತುಮಕೂರಿನೊಳಗೆ ಮಧುಗಿರಿಯೂ, ಉತ್ತರ ಕನ್ನಡದೊಳಗೆ ಶಿರಸಿಯೂ ಇಂತಹ ಪ್ರತ್ಯೇಕ ಜಿಲ್ಲೆಗಳಾಗಿವೆ. ಶೈಕ್ಷಣಿಕ ಜಿಲ್ಲೆಗೆ ಉಪನಿರ್ದೇಶಕರೂ, ಅವರ ಕೆಳಗೆ ವಲಯಕ್ಕೊಬ್ಬರಂತೆ ಕ್ಷೇತ್ರ ಶಿಕ್ಷಣಾಧಿಕಾರಿಗಳೂ ಇರುವರು.

ಇನ್ನು ಕೊಡಗಿನ ಮಾತು. 1956ನೆಯ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ಸೇರುವವರೆಗೆ ಈ ನಾಡು ತಾನೇ ಒಂದು ರಾಜ್ಯವಾಗಿದ್ದಿತು. ಈಗ ಒಂದೇ ಶೈಕ್ಷಣಿಕ ಜಿಲ್ಲೆಯಾಗಿದೆ. 2011ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ 5,54,519. ವಿಸ್ತೀರ್ಣವು ಸುಮಾರು 4,102 ಚದರ ಕಿಲೋಮೀಟರು. ಜನರನ್ನು ಎಣಿಸಿದರೆ ಚಿಕ್ಕ ಜಿಲ್ಲೆ. ಮಗುವಿನ ಹೆಜ್ಜೆಯಿಂದ ಅಳೆದರೆ ಬಹು ದೊಡ್ಡದು. ಬೆಟ್ಟ, ಹೊಳೆ, ಕಾಫಿತೋಟಗಳ ನಡುವೆ ಯರವರ, ಜೇನುಕುರುಬರ ಹಾಡಿಗಳೂ ಕೂಲಿಕಾರರ ಲೈನುಮನೆಗಳೂ ಚದುರಿಕೊಂಡಿವೆ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ದಾರಿಗಳೇ ಕಡಿದುಹೋದುದನ್ನು ನಾಡು ಮರೆತಿಲ್ಲ.

ಎಲ್ಲೆಯನ್ನು ರಚಿಸುವ ಅಧಿಕಾರವು ರಾಜ್ಯ ಸರಕಾರದ್ದು. ಆದರೆ ಕಾವಲು ಯಾರದು? ಸಂವಿಧಾನದ 73ನೆಯ ತಿದ್ದುಪಡಿಯು ಪ್ರಾಥಮಿಕ ಹಾಗೂ ಪ್ರೌಢಶಿಕ್ಷಣವನ್ನು ಪಂಚಾಯತಿಗಳಿಗೆ ಒಪ್ಪಿಸಬಹುದಾದ ವಿಷಯಗಳಲ್ಲಿ ಸೇರಿಸಿತು. 1993ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮವು ಜಿಲ್ಲಾ ಪಂಚಾಯತಿಯಲ್ಲಿ ಶಿಕ್ಷಣಕ್ಕೂ ಆರೋಗ್ಯಕ್ಕೂ ಸ್ಥಾಯಿ ಸಮಿತಿಯನ್ನು ವಿಧಿಸಿತು. 2009ರ ಶಿಕ್ಷಣ ಹಕ್ಕಿನ ಅಧಿನಿಯಮವಾದರೋ ಸ್ಥಳೀಯ ಸಂಸ್ಥೆಯ ಹೆಗಲಿಗೆ ಸ್ಪಷ್ಟವಾದ ಹೊಣೆಯನ್ನೇ ಹೊರಿಸಿದೆ: ತನ್ನ ಎಲ್ಲೆಯೊಳಗಿನ 14 ವರ್ಷದವರೆಗಿನ ಮಕ್ಕಳ ಲೆಕ್ಕವನ್ನಿಡಬೇಕು, ವಲಸೆ ಬಂದ ಕುಟುಂಬದ ಮಕ್ಕಳನ್ನೂ ಶಾಲೆಗೆ ಸೇರಿಸಬೇಕು. 2010ರ ಕೇಂದ್ರ ನಿಯಮಗಳು ಕಿರಿಯ ತರಗತಿಗಳಿಗೆ ಒಂದು ಕಿಲೋಮೀಟರಿನೊಳಗೆ ಶಾಲೆಯಿರಬೇಕೆಂದವು. ಭೂಕುಸಿತ, ನೆರೆಗಳ ಭಯವಿರುವಲ್ಲಿ ಆ ದೂರವನ್ನು ಇನ್ನೂ ತಗ್ಗಿಸಬೇಕೆಂದವು. ಈ ಮಾತು ಕೊಡಗನ್ನು ಕಂಡೇ ಬರೆದಂತಿದೆಯಲ್ಲವೇ?

ಹೀಗಿದ್ದೂ ಒಂದು ಕೊರತೆ ಒದಗಿತು. 2021ರಲ್ಲಿ ರಾಜ್ಯದ ಜಿಲ್ಲಾ ಪಂಚಾಯತಿ ಸದಸ್ಯರ ಅವಧಿಯು ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಕಚೇರಿಯಿದ್ದಿತು, ಅಧಿಕಾರಿಯಿದ್ದರು, ಪ್ರಶ್ನಿಸುವ ಪ್ರತಿನಿಧಿಯ ಪೀಠವು ಮಾತ್ರ ಬರಿದಾಗಿದ್ದಿತು. ಬದುವಿದ್ದು ಕಾಯುವವನಿಲ್ಲದ ಗದ್ದೆಯ ಗತಿಯನ್ನು ರೈತನಿಗೆ ಹೇಳಿಕೊಡಬೇಕಾಗಿಲ್ಲ.

ಆದಕಾರಣ ಮೇಲಿನ ಪೀಠ ಬರಿದಾದಾಗ ಕೆಳಗಿನ ಪೀಠವು ಎಚ್ಚತ್ತಿರಬೇಕು. ಪ್ರತಿ ಸರಕಾರಿ ಶಾಲೆಗೂ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಿದೆ. 2001ರಿಂದ ನಡೆದುಬಂದ ಪದ್ಧತಿಯಿದು. ಶಿಕ್ಷಣ ಹಕ್ಕಿನ ಅಧಿನಿಯಮದಂತೆ ಇಂತಹ ಸಮಿತಿಯಲ್ಲಿ ಮುಕ್ಕಾಲು ಪಾಲು ತಾಯಿತಂದೆಯರು ಮತ್ತು ಪೋಷಕರು, ಅರ್ಧದಷ್ಟು ಸ್ತ್ರೀಯರು ಇರಬೇಕು. ಹಿಂದುಳಿದವರಿಗೂ ತಕ್ಕ ಸ್ಥಾನವಿರಬೇಕು. ಹಾಡಿಯ ತಾಯಿಯೊಬ್ಬಳು ಆ ಸಭೆಯಲ್ಲಿ ಕುಳಿತು, ಮಳೆಗಾಲದಲ್ಲಿ ತನ್ನ ಮಗು ಹೊಳೆಯನ್ನು ಹೇಗೆ ದಾಟಬೇಕೆಂದು ಕೇಳಿದರೆ, ಅದುವೇ ನಿಜವಾದ ಮೇಲ್ವಿಚಾರಣೆ.

ವಿದ್ಯಾದಾನವು ಶ್ರೇಷ್ಠವೆಂದು ಹಾಡುವವರು ಬಹುಮಂದಿ. ಗ್ರಾಮಸಭೆಗೆ ಹೋಗಿ ಶಾಲೆಯ ಲೆಕ್ಕವನ್ನು ಕೇಳುವುದೂ ಅದೇ ದಾನದ ಒಂದು ಅಂಗವೆಂದು ಸದ್ಭಕ್ತರು ತಿಳಿಯತಕ್ಕದ್ದು. ದಾಸೋಹದ ಪಂಕ್ತಿಯಲ್ಲಿ ಕಡೆಯವನಿಗೆ ಬಡಿಸಿದ ಮೇಲೆಯೇ ಪಂಕ್ತಿ ಮುಗಿಯುವುದಲ್ಲವೇ? ವಿದ್ಯೆಯ ಪಂಕ್ತಿಯಲ್ಲಿಯೂ ಕಡೆಯ ಹಾಡಿಯ ಮಗುವನ್ನು ಮರೆಯಲಾಗದು.

ಶುಭಮಸ್ತು.