ನೊಂದವರಿಗೆ ಪ್ರಭುತ್ವದ ಋಣ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಹೊರನಾಡಿನ ಕನ್ನಡ ವೇದಿಕೆಗಳಲ್ಲಿ ಸಾಹಿತ್ಯ, ಸಂಗೀತ, ಗಡಿ, ನದಿ ಇವುಗಳ ಮಾತು ಸಾಮಾನ್ಯ. ನಾನು ಇಂದು ಆರಿಸಿಕೊಂಡಿರುವ ವಿಷಯ ಅಷ್ಟು ಹಿತವಾದುದಲ್ಲ. ಅಪರಾಧಕ್ಕೆ ತುತ್ತಾಗಿ ನೊಂದವರಿಗೆ ಸರ್ಕಾರ ಏನು ಮಾಡಬೇಕು, ಅದು ಅವರಿಗೆ ತಲುಪುವ ಬಗೆ ಯಾವುದು ಎಂಬುದೇ ಆ ವಿಷಯ. ಇದನ್ನು ಆರಿಸಿಕೊಳ್ಳಲು ಕಾರಣವಾದ ತಪ್ಪೊಂದನ್ನು ಮೊದಲು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು. ಅದು ನನ್ನದೇ ತಪ್ಪು.

2016ರಲ್ಲಿ ಗಾಜುವಾಕದ ಕಡೆ ಟೈಲ್ಸ್ ಕೆಲಸ ಮಾಡಿಕೊಂಡಿದ್ದ ಬಳ್ಳಾರಿ ಸೀಮೆಯ ಒಬ್ಬ ಯುವಕನನ್ನು ರಾತ್ರಿಯ ಹೊತ್ತು ಯಾರೋ ಇರಿದು, ಕಿಸೆಯಲ್ಲಿದ್ದ ಕೂಲಿಯ ಹಣವನ್ನು ಕಿತ್ತುಕೊಂಡು ಹೋದರು. ಆತ ಬದುಕಲಿಲ್ಲ. ನಾವು ಕೆಲವರು ಕನ್ನಡಿಗರು ಸೇರಿ ಹಣ ಕೂಡಿಸಿದೆವು; ಶವವನ್ನು ಊರಿಗೆ ಕಳುಹಿಸಲು ವಾಹನ ಗೊತ್ತುಮಾಡಿದೆವು. ಹೊರಡುವಾಗ ಆತನ ಹೆಂಡತಿ ನನ್ನನ್ನು, "ಸರ್ಕಾರದಿಂದ ಏನರ ಬರತೈತೇನ್ರೀ ಸಾಹೇಬ್ರ?" ಎಂದು ಕೇಳಿದಳು. ಕೇಂದ್ರ ಸರ್ಕಾರದ ಅಧಿಕಾರಿಯಾದ ನಾನು, ತಿಳಿದವನಂತೆ, "ಮೊದಲು ಕೊಂದವರು ಸಿಗಲಿ, ಶಿಕ್ಷೆಯಾಗಲಿ, ಆಮೇಲೆ ನೋಡೋಣಮ್ಮ" ಎಂದೆ. ಕೊಂದವರು ಸಿಗಲಿಲ್ಲ. ಆಕೆ ಮತ್ತೆ ಕೇಳಲೂ ಇಲ್ಲ.

ಐದು ವರ್ಷಗಳ ಬಳಿಕ ಬೇರಾವುದೋ ಕಾರಣಕ್ಕೆ ದಂಡ ಪ್ರಕ್ರಿಯಾ ಸಂಹಿತೆಯ ಪುಟಗಳನ್ನು ತಿರುವುತ್ತಿದ್ದಾಗ 357ಎ ಕಲಮು ಕಣ್ಣಿಗೆ ಬಿತ್ತು. ಅಪರಾಧಿ ಯಾರೆಂಬುದು ಪತ್ತೆಯಾಗದಿದ್ದರೂ ನೊಂದವರು ಅಥವಾ ಅವರ ಅವಲಂಬಿತರು ಪರಿಹಾರಕ್ಕೆ ಅರ್ಜಿ ಸಲ್ಲಿಸಬಹುದು ಎಂದು ಅದರ ನಾಲ್ಕನೆಯ ಉಪಕಲಮು ಸ್ಪಷ್ಟವಾಗಿ ಹೇಳುತ್ತಿತ್ತು. ನಾನು ಆ ಹೆಣ್ಣುಮಗಳಿಗೆ ಹೇಳಿದ್ದುದು ಕಾನೂನಿಗೆ ನೇರ ವಿರುದ್ಧವಾದ ಮಾತು. ಅಷ್ಟರಲ್ಲಿ ಅರ್ಜಿಯ ಕಾಲಮಿತಿ ಮುಗಿದಿತ್ತು. ಆ ಕುಟುಂಬವೂ ಊರು ಬಿಟ್ಟು ಎಲ್ಲಿಗೋ ಹೋಗಿತ್ತು. ಈ ಭಾಷಣದ ಹಿಂದೆ ಪಾಂಡಿತ್ಯವಿಲ್ಲ, ಆ ಪಶ್ಚಾತ್ತಾಪ ಮಾತ್ರ ಇದೆ.

ನನ್ನ ತಪ್ಪು ನನ್ನೊಬ್ಬನದೇ ಆಗಿರಲಿಲ್ಲ ಎಂಬುದೂ ನಿಜ. ನಮ್ಮ ದಂಡನ್ಯಾಯದ ವ್ಯವಸ್ಥೆಯೇ ಬಹುಕಾಲ ಹಾಗೆ ಯೋಚಿಸುತ್ತಿತ್ತು. ಮೊಕದ್ದಮೆಯೆಂದರೆ ಸರ್ಕಾರಕ್ಕೂ ಆರೋಪಿಗೂ ನಡೆಯುವ ವ್ಯವಹಾರ. ಪೆಟ್ಟು ತಿಂದವನು ಅದರಲ್ಲಿ ಒಬ್ಬ ಸಾಕ್ಷಿ, ಅಷ್ಟೇ. 1973ರ ಸಂಹಿತೆಯ 357ನೆಯ ಕಲಮು ಪರಿಹಾರದ ಮಾತನ್ನು ಎತ್ತಿತ್ತಾದರೂ ಅದು ಅಪರಾಧಿಗೆ ಶಿಕ್ಷೆಯಾದ ಮೇಲೆ, ಅವನ ಕೈಯಿಂದ ಕೊಡಿಸುವ ಪರಿಹಾರ. ಅಪರಾಧಿ ತಪ್ಪಿಸಿಕೊಂಡರೆ, ದರಿದ್ರನಾಗಿದ್ದರೆ, ಸಾಕ್ಷ್ಯ ಸಾಲದೆ ಬಿಡುಗಡೆಯಾದರೆ ನೊಂದವರಿಗೆ ಏನೂ ಇಲ್ಲ.

ಈ ಯೋಚನೆಯನ್ನು ಬದಲಿಸಿದವರಲ್ಲಿ ಒಬ್ಬ ಕನ್ನಡಿಗರ ಹೆಸರು ಮುಖ್ಯವಾದುದು. ಕರ್ನಾಟಕ ಮತ್ತು ಕೇರಳ ಉಚ್ಚ ನ್ಯಾಯಾಲಯಗಳ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ವಿ. ಎಸ್. ಮಳಿಮಠ ಅವರ ಅಧ್ಯಕ್ಷತೆಯಲ್ಲಿ 2000ದಲ್ಲಿ ಕೇಂದ್ರ ಸರ್ಕಾರ ನೇಮಿಸಿದ ಸಮಿತಿ 2003ರಲ್ಲಿ ವರದಿ ನೀಡಿತು. ಗಂಭೀರ ಅಪರಾಧಗಳಲ್ಲಿ ಆರೋಪಿ ಸಿಕ್ಕಲಿ ಸಿಗದಿರಲಿ, ಶಿಕ್ಷೆಯಾಗಲಿ ಆಗದಿರಲಿ, ನೊಂದವರಿಗೆ ಪರಿಹಾರ ಕೊಡುವುದು ಪ್ರಭುತ್ವದ ಹೊಣೆ ಎಂಬುದು ಅದರ ಒಂದು ಮುಖ್ಯ ಶಿಫಾರಸು. ಆ ವರದಿಯ ಇತರ ಕೆಲವು ಸಲಹೆಗಳು ಆರೋಪಿಯ ಹಕ್ಕುಗಳನ್ನು ಮೊಟಕುಗೊಳಿಸುತ್ತವೆಂಬ ಟೀಕೆಗೆ ಗುರಿಯಾದವು. ಆ ಟೀಕೆಯಲ್ಲಿ ಹುರುಳಿತ್ತು. ಆದರೆ ಈ ಒಂದು ಶಿಫಾರಸಿನ ಮಟ್ಟಿಗೆ ಮಳಿಮಠರು ನೊಂದವರ ಪಕ್ಷದ ದೊಡ್ಡ ವಕೀಲರಾದರು.

ವಿಚಾರ ತೀರ ಹೊಸದೇನಲ್ಲ. ಕಳ್ಳತನವಾದ ಸ್ವತ್ತನ್ನು ಪತ್ತೆಹಚ್ಚಲಾರದ ಅರಸ ಅದನ್ನು ತನ್ನ ಬೊಕ್ಕಸದಿಂದ ತುಂಬಿಕೊಡಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ಹೇಳುತ್ತದೆ. ಕಳವಾದುದನ್ನು ಪ್ರಜೆಗೆ ಸಲ್ಲಿಸಬೇಕಾದ ಹೊಣೆ ಅರಸನದೆಂದು ಯಾಜ್ಞವಲ್ಕ್ಯ ಸ್ಮೃತಿಯೂ ವಿಧಿಸುತ್ತದೆ. ಆ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನಿದ್ದುದು ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ. ಕಂದಾಯ ವಸೂಲು ಮಾಡುವ ಪ್ರಭುತ್ವವು ರಕ್ಷಣೆಯ ಮಾತು ಕೊಟ್ಟಿರುತ್ತದೆ. ರಕ್ಷಣೆ ತಪ್ಪಿದಾಗ ಆ ಮಾತು ಋಣವಾಗುತ್ತದೆ. ತಿರುಳು ಇಷ್ಟೇ.

ಸಂಸತ್ತು 2008ರಲ್ಲಿ ಅಂಗೀಕರಿಸಿದ ತಿದ್ದುಪಡಿಯ ಮೂಲಕ 357ಎ ಕಲಮು 2009ರ ಡಿಸೆಂಬರ್ 31ರಂದು ಜಾರಿಗೆ ಬಂದಿತು. ಆರೋಪಿಯ ಬಿಡುಗಡೆಯನ್ನು ಪ್ರಶ್ನಿಸಿ ಮೇಲ್ಮನವಿ ಹೂಡುವ ಹಕ್ಕೂ ಅದೇ ದಿನ ನೊಂದವರಿಗೆ ದೊರೆಯಿತು. 2024ರ ಜುಲೈ 1ರಿಂದ ಹಳೆಯ ಸಂಹಿತೆಯ ಸ್ಥಾನದಲ್ಲಿ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಪರಿಹಾರದ ಈ ವಿಧಿ 396ನೆಯ ಕಲಮಾಗಿ ಮುಂದುವರಿದಿದೆ.

ಇದು ಕೆಲಸ ಮಾಡುವ ರೀತಿಯನ್ನು ಸರಳವಾಗಿ ಹೇಳುತ್ತೇನೆ. ಪ್ರತಿಯೊಂದು ರಾಜ್ಯವೂ ಪರಿಹಾರ ಯೋಜನೆಯೊಂದನ್ನು ರೂಪಿಸಿ ಅದಕ್ಕೆ ಹಣ ಒದಗಿಸಬೇಕು. ಮೊತ್ತವನ್ನು ನಿರ್ಣಯಿಸುವುದು ಜಿಲ್ಲಾ ಅಥವಾ ರಾಜ್ಯ ಕಾನೂನು ಸೇವಾ ಪ್ರಾಧಿಕಾರ. ನ್ಯಾಯಾಲಯ ಶಿಫಾರಸು ಮಾಡಬಹುದು. ಅಪರಾಧಿ ಪತ್ತೆಯಾಗದೆ ವಿಚಾರಣೆಯೇ ನಡೆಯದಿದ್ದಲ್ಲಿ ನೊಂದವರೇ ಅರ್ಜಿ ಸಲ್ಲಿಸಬಹುದು. ವಿಚಾರಣೆ ನಡೆದು ಆರೋಪಿ ಬಿಡುಗಡೆಯಾದರೂ, ನೊಂದವರಿಗೆ ಪುನರ್ವಸತಿಯ ಅಗತ್ಯವಿದ್ದರೆ ನ್ಯಾಯಾಲಯ ಶಿಫಾರಸು ಮಾಡಬಹುದು. ಪ್ರಾಧಿಕಾರ 2 ತಿಂಗಳೊಳಗೆ ವಿಚಾರಣೆ ಮುಗಿಸಬೇಕು. ತುರ್ತು ಚಿಕಿತ್ಸೆ ಹಾಗೂ ಮಧ್ಯಂತರ ನೆರವಿಗೂ ಅವಕಾಶವಿದೆ. ಮಧ್ಯಂತರ ಪರಿಹಾರದ ಅಗತ್ಯವನ್ನು ನ್ಯಾಯಾಲಯಗಳು ತಾವಾಗಿಯೇ ಪರಿಶೀಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಹೇಳಿತು. ಅತ್ಯಾಚಾರಕ್ಕೂ ಆಸಿಡ್ ದಾಳಿಗೂ ಒಳಗಾದವರಿಗೆ ಸರ್ಕಾರಿ ಆಸ್ಪತ್ರೆಯಾಗಲಿ ಖಾಸಗಿ ಆಸ್ಪತ್ರೆಯಾಗಲಿ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ಮಹಿಳೆಯರಿಗಾಗಿ ರೂಪಿಸಿದ 2018ರ ಯೋಜನೆಯಲ್ಲಿ ಪ್ರಾಣಹಾನಿಗೆ 5ರಿಂದ 10 ಲಕ್ಷ, ಅತ್ಯಾಚಾರಕ್ಕೆ 4ರಿಂದ 7 ಲಕ್ಷ ರೂಪಾಯಿ ಎಂಬ ಮಿತಿಗಳಿವೆ.

ಇನ್ನು ನಾವು ಬದುಕುತ್ತಿರುವ ಈ ಎರಡು ನಗರಗಳ ಕಡೆ ನೋಡೋಣ.

ಆಗ ವಿಶಾಖಪಟ್ಟಣ ಜಿಲ್ಲೆಯ ಗಿರಿಜನ ಪ್ರದೇಶದಲ್ಲಿದ್ದ ವಾಕಪಲ್ಲಿಯ 11 ಮಂದಿ ಆದಿವಾಸಿ ಮಹಿಳೆಯರು, 2007ರ ಆಗಸ್ಟ್‌ನಲ್ಲಿ ಶೋಧ ಕಾರ್ಯಕ್ಕೆ ಬಂದ ಪೋಲೀಸರು ತಮ್ಮ ಮೇಲೆ ಅತ್ಯಾಚಾರ ನಡೆಸಿದರೆಂದು ದೂರಿದರು. ವಿಚಾರಣೆ ಆರಂಭವಾಗಲಿಕ್ಕೇ ದಶಕಕ್ಕಿಂತ ಹೆಚ್ಚು ಕಾಲ ಹಿಡಿಯಿತು. 2023ರ ಏಪ್ರಿಲ್ 6ರಂದು ವಿಶಾಖಪಟ್ಟಣದ ವಿಶೇಷ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು. ತನಿಖೆ ಸರಿಯಾಗಿ ನಡೆಯಲಿಲ್ಲವೆಂದು ಹೇಳಿತು. ಮಹಿಳೆಯರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಪರಿಹಾರ ಸಲ್ಲಬೇಕೆಂದೂ ಆದೇಶಿಸಿತು. ಹದಿನೈದು ವರ್ಷ ಕಾದವರಿಗೆ ಹಣವೇ ನ್ಯಾಯವೆಂದು ನಾನು ಹೇಳಲಾರೆ. ಆದರೆ ಆರೋಪಿಗಳು ಬಿಡುಗಡೆಯಾದರೆಂಬ ಕಾರಣಕ್ಕೆ ಆ ಮಹಿಳೆಯರ ಮಾತು ಕಸವಾಗುವುದಿಲ್ಲ ಎಂಬುದನ್ನು ಆ ಆದೇಶ ಒಪ್ಪಿಕೊಂಡಿತು.

ವಿಜಯವಾಡದ ಸಮೀಪದ ಹಾಸ್ಟೆಲೊಂದರಲ್ಲಿ 2007ರ ಡಿಸೆಂಬರ್‌ನಲ್ಲಿ ವಿದ್ಯಾರ್ಥಿನಿಯೊಬ್ಬಳ ಕೊಲೆಯಾಯಿತು. 2010ರಲ್ಲಿ ಯುವಕನೊಬ್ಬನಿಗೆ ಶಿಕ್ಷೆಯಾಯಿತು. 2017ರಲ್ಲಿ ಉಚ್ಚ ನ್ಯಾಯಾಲಯ ಅವನು ನಿರ್ದೋಷಿಯೆಂದು ಬಿಡುಗಡೆ ಮಾಡಿ, 1 ಲಕ್ಷ ರೂಪಾಯಿ ಕೊಡುವಂತೆ ಆದೇಶಿಸಿತು. ಆ ವೇಳೆಗೆ ಅವನು 8 ವರ್ಷಕ್ಕೂ ಹೆಚ್ಚು ಕಾಲ ಸೆರೆಮನೆಯಲ್ಲಿ ಕಳೆದಿದ್ದ. ಮಗಳನ್ನು ಕಳೆದುಕೊಂಡ ತಂದೆತಾಯಿ ಒಂದು ಕಡೆ, ಯೌವನ ಕಳೆದುಕೊಂಡ ಯುವಕ ಇನ್ನೊಂದು ಕಡೆ. ನೊಂದವರಿಗೆ ನೆರವಾಗುವುದೆಂದರೆ ಯಾರನ್ನಾದರೂ ಹಿಡಿದು ಶಿಕ್ಷಿಸುವುದಲ್ಲ ಎಂಬ ಪಾಠ ಇದರಲ್ಲಿದೆ. ಪರಿಹಾರವು ಶಿಕ್ಷೆಯನ್ನು ಅವಲಂಬಿಸದಿದ್ದರೆ, ಹೇಗಾದರೂ ಒಬ್ಬ ಅಪರಾಧಿಯನ್ನು ಹುಡುಕಿಕೊಡಬೇಕೆಂಬ ಒತ್ತಡವೂ ಅಷ್ಟರಮಟ್ಟಿಗೆ ಕಡಿಮೆಯಾದೀತು.

ಸರ್ಕಾರಕ್ಕೆ ತ್ವರೆ ತಿಳಿಯದೆಂದಲ್ಲ. 2020ರ ಮೇ 7ರ ಬೆಳಗಿನ ಜಾವ ವಿಶಾಖಪಟ್ಟಣದ ಆರ್. ಆರ್. ವೆಂಕಟಾಪುರದಲ್ಲಿ ಎಲ್‌.ಜಿ. ಪಾಲಿಮರ್ಸ್ ಕಾರ್ಖಾನೆಯಿಂದ ಸ್ಟೈರೀನ್ ಅನಿಲ ಸೋರಿ 12 ಮಂದಿ ಸತ್ತಾಗ, ಮೃತರ ಕುಟುಂಬಗಳಿಗೆ ತಲಾ 1 ಕೋಟಿ ರೂಪಾಯಿಯನ್ನು ರಾಜ್ಯ ಸರ್ಕಾರ ಅದೇ ದಿನ ಘೋಷಿಸಿತು. ಕಾರ್ಖಾನೆ 50 ಕೋಟಿ ರೂಪಾಯಿ ಠೇವಣಿ ಇಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮರುದಿನವೇ ಆದೇಶಿಸಿತು. ಅದು ಸರಿಯಾದ ಕ್ರಮವೇ. ಆದರೆ ದೇಶವೆಲ್ಲ ನೋಡುತ್ತಿದ್ದ ಸಾವಿಗೆ ಒಂದು ದಿನದಲ್ಲಿ ಓಗೊಟ್ಟ ಆಡಳಿತ, ಬೀದಿಯ ತಿರುವಿನಲ್ಲಿ ಒಬ್ಬನೇ ಸತ್ತವನ ಮನೆಗೆ ತಾನಾಗಿ ಬರುವುದಿಲ್ಲ. ಅಲ್ಲಿಗೆ ಅರ್ಜಿ ಹೋಗಬೇಕು. ಅರ್ಜಿ ಬರೆಯುವವರು ಬೇಕು.

ಇಲ್ಲಿಯೇ ನಮ್ಮಂಥವರ ತೊಡಕು. ವಿಜಯವಾಡದವರಿಗೆ ಗೊತ್ತಿರುವಂತೆ ಕೃಷ್ಣಾ ಜಿಲ್ಲಾ ನ್ಯಾಯಾಲಯ ಇರುವುದು ಸುಮಾರು 70 ಕಿಲೋಮೀಟರ್ ದೂರದ ಮಚಲೀಪಟ್ಟಣದಲ್ಲಿ. ಕೂಲಿ ಮಾಡುವವನಿಗೆ ಅಲ್ಲಿಗೆ ಹೋಗಿಬರುವುದೆಂದರೆ ಒಂದು ದಿನದ ಅನ್ನ. ದೂರು ತೆಲುಗಿನಲ್ಲಿ ದಾಖಲಾಗುತ್ತದೆ. ತನ್ನ ಬಾಯಿಂದ ಏನೆಂದು ಬರೆದುಕೊಂಡರೋ ತಿಳಿಯದೆ ಕನ್ನಡದ ಕೂಲಿಯಾಳು ಹೆಬ್ಬೆಟ್ಟು ಒತ್ತುತ್ತಾನೆ. ಘಟನೆ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ದೂರಿನ ಪ್ರತಿಯನ್ನು ಉಚಿತವಾಗಿ ಪಡೆಯಬಹುದು, ತನಿಖೆ ಎಲ್ಲಿಗೆ ಬಂತೆಂಬುದನ್ನು 90 ದಿನಗಳೊಳಗೆ ತಿಳಿಸಬೇಕು ಎಂದು ಹೊಸ ಸಂಹಿತೆ ಹೇಳುತ್ತದೆ. ಇವೆಲ್ಲ ಅವನ ಕಿವಿಗೆ ಬೀಳುವುದು ಯಾರಿಂದ?

ಹಣ ಕೊಡುವುದೆಂದರೆ ನೋವಿಗೆ ಬೆಲೆ ಕಟ್ಟಿದಂತಲ್ಲವೆ ಎಂದು ಕೆಲವರು ಕೇಳುತ್ತಾರೆ. ಬಾಯಿ ಮುಚ್ಚಿಸಲು ಆರೋಪಿಯ ಕಡೆಯವರು ಕೊಡುವ ಹಣ ಬೆಲೆ ಕಟ್ಟುವುದೇ ಸರಿ. ಪ್ರಾಧಿಕಾರ ಕೊಡುವುದು ಹಾಗಲ್ಲ. ಅದನ್ನು ಪಡೆದವರು ಸಾಕ್ಷಿ ಹೇಳುವುದನ್ನು ಬಿಡಬೇಕಾಗಿಲ್ಲ, ಮೊಕದ್ದಮೆ ನಿಲ್ಲುವುದೂ ಇಲ್ಲ. ಬದಲಾಗಿ, ಮನೆಯಲ್ಲಿ ಒಲೆ ಉರಿಯುತ್ತಿದ್ದರೆ ನೊಂದವರು ರಾಜಿಗೆ ಬಗ್ಗದೆ ನ್ಯಾಯಾಲಯದ ಕಟ್ಟೆಯವರೆಗೆ ನಿಲ್ಲಬಲ್ಲರು. ಸುಳ್ಳು ಅರ್ಜಿಗಳು ಬರಲಾರವೆ ಎಂಬುದು ಇನ್ನೊಂದು ಪ್ರಶ್ನೆ. ಬಂದಾವು. ಅದಕ್ಕಾಗಿಯೇ ವಿಚಾರಣೆ ಇದೆ. ಆದರೆ ನಾನು ಕಂಡ ತೊಂದರೆ ಸುಳ್ಳು ಅರ್ಜಿಯದಲ್ಲ, ಬರೆಯದೆ ಉಳಿದ ನಿಜವಾದ ಅರ್ಜಿಯದು.

ಆದುದರಿಂದ ಸಂಘದ ಮುಂದೆ ಮೂರು ಬಿನ್ನಹಗಳನ್ನಿಡುತ್ತೇನೆ. ಮೊದಲನೆಯದು, ಈ ಹಕ್ಕುಗಳನ್ನು ಕನ್ನಡ ಮತ್ತು ತೆಲುಗು ಎರಡರಲ್ಲಿಯೂ ಒಂದೇ ಪುಟದಲ್ಲಿ ಅಚ್ಚುಹಾಕಿಸಿ, ಕನ್ನಡ ಕೂಲಿಕಾರರಿರುವ ಕಟ್ಟಡಗಳಿಗೂ ಹೋಟೆಲುಗಳಿಗೂ ತಲುಪಿಸೋಣ. ಕಾನೂನು ನೆರವಿನ 15100, ಮಹಿಳೆಯರ 181, ಮಕ್ಕಳ 1098, ತುರ್ತಿನ 112 ಈ ಸಂಖ್ಯೆಗಳು ಅದರಲ್ಲಿರಲಿ. ಎರಡನೆಯದು, ಎರಡೂ ನಗರಗಳಲ್ಲಿ ಇಬ್ಬಿಬ್ಬರು ಸದಸ್ಯರು ಠಾಣೆಗೂ ಆಸ್ಪತ್ರೆಗೂ ಪ್ರಾಧಿಕಾರದ ಕಚೇರಿಗೂ ನೊಂದವರ ಜೊತೆ ಹೋಗಿ ದುಭಾಷಿಗಳಾಗಿ ನಿಲ್ಲಲು ಮುಂದೆ ಬರಲಿ. ಮೂರನೆಯದು, ಇದನ್ನು ಕನ್ನಡಿಗರಿಗೆಂದೇ ಮೀಸಲಿಡುವುದು ಬೇಡ. ನಮಗೆ ಅನ್ನ ಕೊಟ್ಟ ಈ ನೆಲದ ತೆಲುಗು ನೆರೆಯವರಿಗೂ, ಒಡಿಶಾದಿಂದ ಬಂದ ಕೂಲಿಗಳಿಗೂ ಅದೇ ಪುಟ ಸಲ್ಲಲಿ.

ಆ ದಿನ ನಾವು ಕೂಡಿಸಿದ ಹಣ ಶವ ಊರು ಮುಟ್ಟುವವರೆಗೆ ಸಾಕಾಯಿತು. ನಮ್ಮ ಕರ್ತವ್ಯ ಮುಗಿಯಿತೆಂದು ಮನೆಗೆ ಹೋಗಿ ಸ್ನಾನ ಮಾಡಿದೆವು. ಆಕೆ ಕೇಳಿದ್ದುದು ನಮ್ಮ ದಾನವನ್ನಲ್ಲ, ಸರ್ಕಾರದಿಂದ ತನಗೆ ಬರಬೇಕಾದುದು ಏನಾದರೂ ಇದೆಯೇ ಎಂದು. ಇದೆ ಎಂಬುದೇ ಸರಿಯಾದ ಉತ್ತರವಾಗಿತ್ತು. ಆ ಉತ್ತರವನ್ನು ಆಕೆಗೆ ಈಗ ತಲುಪಿಸಲಾರೆ. ನಾಳೆ ಅದೇ ಪ್ರಶ್ನೆ ಕೇಳುವವರಿಗೆ ನಿಮ್ಮಲ್ಲಿ ಯಾರಾದರೂ ಒಬ್ಬರು ಆ ಉತ್ತರ ಕೊಟ್ಟರೆ, ನಾನು ನಿಮ್ಮ ಸಮಯ ತೆಗೆದುಕೊಂಡುದು ಸಾರ್ಥಕ.