ಹಿಟ್ಟಿನ ಕೋಳಿಯ ಕೂಗು

(ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)



ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಿಂದ ಬಂದ ಶ್ರಾವಕ-ಶ್ರಾವಿಕೆಯರು ಇಂದು ಇಲ್ಲಿ ನೆರೆದಿದ್ದೀರಿ. ಇದೀಗ ಪ್ರತಿಷ್ಠಿತವಾದ ಜಿನಬಿಂಬವನ್ನು ನೋಡಿರಿ. ಅದರ ಕೈಯಲ್ಲಿ ಆಯುಧವಿಲ್ಲ. ವರವೀಯಲು ಚಾಚಿದ ಹಸ್ತವೂ ಇಲ್ಲ. ಒಲಿಯದ, ಮುನಿಯದ ಈ ವೀತರಾಗನ ಮುಂದೆ ನಿಂತಾಗಲೂ ‘ದೇವರು ಶಿಕ್ಷಿಸಿಯಾನು’ ಎಂಬ ಅಳುಕು ನಮ್ಮಲ್ಲೇಕೆ ಉಳಿದಿದೆ? ನಾನು ಬಾಲಕನಾಗಿದ್ದಾಗ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಅಜ್ಜಿ, “ಯಾವ ಹರಕೆ ತಪ್ಪಿತೋ” ಎಂದು ನಿಟ್ಟುಸಿರಿಡುತ್ತಿದ್ದಳು. ಆ ಮಾತಿನ ಅಂಜಿಕೆ ನನ್ನನ್ನು ಬಹುಕಾಲ ಬಿಡಲಿಲ್ಲ.

ಈ ಭಯದ ಮೂಲವನ್ನು ಜನ್ನ ಕವಿ 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಶೋಧಿಸಿದ್ದಾನೆ. ಇದೇ ಕಥೆಯನ್ನು ಸೋಮದೇವಸೂರಿ 959ರಲ್ಲಿಯೇ ಸಂಸ್ಕೃತದ ‘ಯಶಸ್ತಿಲಕ’ದಲ್ಲಿ ಹೇಳಿದ್ದನು. ಉಜ್ಜಯಿನಿಯ ಅರಸ ಯಶೋಧರ ತನ್ನ ರಾಣಿ ಮಾವುತನಿಗೆ ಒಲಿದುದನ್ನು ಕಣ್ಣಾರೆ ಕಂಡನು. ಆ ನೋವನ್ನು ತಾಯಿ ಚಂದ್ರಮತಿಗೆ ಹೇಳಲಾರದೆ ಕೆಟ್ಟ ಕನಸು ಕಂಡೆನೆಂದನು. ಆಕೆ ಹೆದರಿ, ದೇವಿಗೆ ಬಲಿ ಕೊಡೆಂದಳು. ಮಗ ಒಪ್ಪಲಿಲ್ಲ, ತಾಯಿ ಬಿಡಲಿಲ್ಲ. ಕೊನೆಗೆ ಹಿಟ್ಟಿನ ಕೋಳಿಯೊಂದನ್ನು ಮಾಡಿ ಕಡಿಯುವುದೆಂದಾಯಿತು. ಕತ್ತಿ ಬಿದ್ದೊಡನೆ ಆ ಹಿಟ್ಟಿನ ಕೋಳಿ ಕೂಗಿತು!

ಮುಂದೆ ರಾಣಿಯ ವಿಷಕ್ಕೆ ತಾಯಿ-ಮಗ ಬಲಿಯಾಗಿ, ನವಿಲಾಗಿ, ನಾಯಿಯಾಗಿ, ಮತ್ತೆ ಮತ್ತೆ ಪ್ರಾಣಿಜನ್ಮಗಳಲ್ಲಿ ತೊಳಲಿ, ಕಡೆಗೆ ಕೋಳಿಗಳಾಗಿಯೇ ಸತ್ತರು. ಬಂಧುಗಳೇ, ಇಲ್ಲಿ ಶಿಕ್ಷಿಸಿದವರು ಯಾರು? ಯಾವ ದೇವತೆಯೂ ಅಲ್ಲ. ಸತ್ತದ್ದು ಹಿಟ್ಟು, ಆದರೆ ಕೊಲ್ಲುವ ಸಂಕಲ್ಪ ನಿಜವಾದದ್ದು. ಆ ಭಾವಹಿಂಸೆಯೇ ಕರ್ಮವಾಗಿ ಕಟ್ಟಿತು.

ಕಥೆಯ ಕೊನೆಯಲ್ಲಿ ದೇವತೆ ಪ್ರತ್ಯಕ್ಷಳಾಗುವುದುಂಟು. ಜಾತ್ರೆ ತಪ್ಪಿದರೆ ಕಾಡುವಳೆಂದು ಜನರೆಲ್ಲ ನಡುಗುತ್ತಿದ್ದ ಚಂಡಮಾರಿಯೇ ಅವಳು. ಅವಳಿಗೆ ಬಲಿ ಕೊಡಲೆಂದು ಮಾರಿದತ್ತ ಅರಸನು ಹಿಡಿತರಿಸಿದ ಅಭಯರುಚಿ, ಅಭಯಮತಿ ಎಂಬ ಮಕ್ಕಳು ಆ ತಾಯಿ-ಮಗನ ಮರುಹುಟ್ಟುಗಳೇ. ಅವರ ಕಥೆ ಮುಗಿದಾಗ ದೇವಿ ಬಂದದ್ದು ದಂಡಿಸಲಿಕ್ಕಲ್ಲ, ಇನ್ನು ಜೀವಬಲಿ ಬೇಡವೆಂದು ಸಾರಲಿಕ್ಕೆ. ಜನರ ಅಂಜಿಕೆಯು ದೇವಿಗೆ ಹೊರಿಸಿದ್ದ ಕ್ರೌರ್ಯವನ್ನು ಅವಳೇ ಕಳಚಿಟ್ಟಳು. ಬಲಿಗೆ ಬಂದ ಆ ಮಕ್ಕಳಿಬ್ಬರ ಹೆಸರಿನಲ್ಲಿಯೂ ‘ಅಭಯ’ವಿದೆಯೆಂಬುದನ್ನು ಗಮನಿಸಿರಿ.

ನಮ್ಮ ನಾಡಿನಲ್ಲಿ 1959ರ ಕಾಯಿದೆಯು ಪ್ರಾಣಿಬಲಿಯನ್ನು ನಿಷೇಧಿಸಿತು. ಕಾಯಿದೆ ಕೈಯನ್ನು ತಡೆದೀತು, ಮನದ ಭಯವನ್ನು ತಡೆಯದು. ದ್ಯಾಮವ್ವನ ಜಾತ್ರೆ ಮಾಡುವ ನೆರೆಹೊರೆಯವರ ಕಡೆ ಬೆರಳು ತೋರಿಸಲು ನಾನಿದನ್ನು ಹೇಳುತ್ತಿಲ್ಲ. ಕುಂಬಳಕಾಯಿಗೆ ಕುಂಕುಮ ತುಂಬಿ ಒಡೆಯುವಾಗ, ಹೊಂಬುಜದ ಪದ್ಮಾವತಿ ಅಮ್ಮನವರಿಗೆ ಹರಕೆ ಹೊರುವಾಗ, ನಮ್ಮೊಳಗಿರುವುದು ಭಕ್ತಿಯೋ, ಭಯವೋ? ನಾವೂ ಹಿಟ್ಟಿನ ಕೋಳಿಯನ್ನು ಮಾಡುತ್ತಿಲ್ಲವಷ್ಟೆ?

ನಮ್ಮ ಜಿಲ್ಲೆಯ ಬಂಕಾಪುರವು ಅಜಿತಸೇನಾಚಾರ್ಯರು ನೆಲೆಸಿದ್ದ ವಿದ್ಯಾಕೇಂದ್ರ. ಗಂಗರ ಮಾರಸಿಂಹನು ಯುದ್ಧಗಳನ್ನು ಗೆದ್ದು, ರಾಜ್ಯವನ್ನು ತೊರೆದು, 974ರ ಸುಮಾರಿಗೆ ಅಲ್ಲಿ ಆ ಗುರುಗಳ ಸನ್ನಿಧಿಯಲ್ಲಿ ಸಲ್ಲೇಖನವನ್ನು ಕೈಕೊಂಡನು. ಸಾವಿಗೂ ಅಂಜದ ಧೈರ್ಯವನ್ನು ಕಂಡ ನೆಲವಿದು.

ಆದುದರಿಂದ ತಾಯಂದಿರೇ, ಈ ಬಸದಿಗೆ ಮಕ್ಕಳನ್ನು ಕರೆತರುವಾಗ “ತಪ್ಪು ಮಾಡಿದರೆ ದೇವರು ಕಣ್ಣು ಕೀಳುತ್ತಾನೆ” ಎನ್ನಬೇಡಿರಿ. “ನಿನ್ನ ಭಾವವನ್ನು ನೀನೇ ನೋಡಿಕೋ, ಮಗು” ಎಂದು ಹೇಳಿಕೊಡಿರಿ. ನನ್ನ ಅಜ್ಜಿಗೆ ಆ ಮಾತನ್ನು ಹೇಳಿಕೊಟ್ಟವರಿರಲಿಲ್ಲ. ನಿಮ್ಮ ಮೊಮ್ಮಕ್ಕಳಿಗೆ ಹೇಳಿಕೊಡಲು ನೀವಿದ್ದೀರಿ.

ಜೈನಂ ಜಯತು ಶಾಸನಂ.