ಮಕ್ಕಳ ನಿದ್ದೆಗೆ ಒಂದು ಕಾಲು ಗಂಟೆ

(ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ನಾಡುನುಡಿಯ ಹಿರಿಮೆಯನ್ನು ಹೇಳುವುದು ರೂಢಿ. ನಾವಾದರೋ ಇಂದು ಮಕ್ಕಳ ನಿದ್ದೆಯನ್ನು ಕುರಿತು ನಾಲ್ಕು ಮಾತು ಆಡಬೇಕೆಂದಿದ್ದೇವೆ. ಕನ್ನಡಕ್ಕೂ ನಿದ್ದೆಗೂ ಏನು ನಂಟೆಂದು ತಾವು ನಗಬಹುದು. ನಂಟು ಉಂಟು.

ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕೆಂಬುದು ವೈದ್ಯರ ಮತ. ಈ ಮುಂಬಯಿಯಲ್ಲಿ ಅಷ್ಟು ನಿದ್ದೆಯನ್ನು ಎಲ್ಲಿಂದ ತರುವುದು? ಡೊಂಬಿವಲಿಯಲ್ಲೋ ವಸಾಯಿಯಲ್ಲೋ ಒಂದು ಕೋಣೆ, ಒಂದು ಅಡಿಗೆಮನೆ. ಯಜಮಾನರು ಲೋಕಲ್ ಗಾಡಿ ಇಳಿದು ಮನೆ ಸೇರುವಾಗ ರಾತ್ರಿ ಒಂಬತ್ತು. ಆಮೇಲೆ ಊಟ, ಟಿ.ವಿ., ಕೈಗೊಂದು ಮೊಬೈಲು. ಹಾಸಿಗೆ ಹಾಸುವ ಕೋಣೆಯಲ್ಲೇ ಸಂಸಾರವೆಲ್ಲ ಎದ್ದು ಕುಳಿತಿರುವಾಗ ಮಗು ಮಾತ್ರ ಮಲಗಬೇಕೆಂದರೆ ಹೇಗೆ? ನಾಲ್ಕನೆಯ ತರಗತಿಯವರೆಗಿನ ಶಾಲೆಗಳು ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ ಆರಂಭವಾಗಬಾರದೆಂದು ಮಹಾರಾಷ್ಟ್ರ ಸರಕಾರವು 2024ರಲ್ಲಿ ಆದೇಶ ಹೊರಡಿಸಿದ್ದು ಈ ಕೊರತೆಯನ್ನು ಕಂಡೇ. ಆದರೆ ಸರಕಾರ ಬೆಳಗನ್ನು ನೋಡಿಕೊಂಡೀತು. ರಾತ್ರಿಯನ್ನು ನಾವೇ ನೋಡಿಕೊಳ್ಳಬೇಕು.

ಉಪಾಯ ದೂರದಲ್ಲಿಲ್ಲ. ಶ್ರೀ ಯೋಗೇಂದ್ರರು 1918ರಲ್ಲಿ ವರ್ಸೋವಾದಲ್ಲಿ ಆರಂಭಿಸಿದ ಯೋಗ ಸಂಸ್ಥೆ ಇಂದಿಗೂ ಸಾಂತಾಕ್ರೂಜಿನಲ್ಲಿ ನಡೆಯುತ್ತಿದೆ. ಯೋಗವು ಸಂಸಾರಿಗಳಿಗೂ ಸಲ್ಲುವ ವಿದ್ಯೆ ಎಂಬುದನ್ನು ಅದು ನಮ್ಮ ಈ ನಗರದಲ್ಲೇ ತೋರಿಸಿಕೊಟ್ಟಿತು. ಈಚೆಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ಕ್ಯಾಲಿಫೋರ್ನಿಯಾದ ಬಡ ಬಡಾವಣೆಯೊಂದರ ಶಾಲಾ ಮಕ್ಕಳಿಗೆ ವಾರಕ್ಕೆ ಎರಡು ಸಾರಿಯಂತೆ ಎರಡು ವರ್ಷ ಉಸಿರಾಟ, ಧ್ಯಾನಗಳ ಪಾಠ ಹೇಳಿಸಿದರು. ಆ ಮಕ್ಕಳ ರಾತ್ರಿಯ ನಿದ್ದೆ ಸರಾಸರಿ 74 ನಿಮಿಷ ಹೆಚ್ಚಿತೆಂದು 2021ರಲ್ಲಿ ಪ್ರಕಟಿಸಿದರು. ಅವರ ಮನೆಗಳೂ ನಮ್ಮವುಗಳಂತೆ ಇಕ್ಕಟ್ಟಾದವೇ ಎಂಬುದು ಗಮನಿಸತಕ್ಕ ಮಾತು.

ಮನೆಯಲ್ಲಿ ಮಾಡುವ ಕ್ರಮ ಸುಲಭ. ಮಲಗುವ ಮುಂಚೆ ಕಾಲು ಗಂಟೆ ಟಿ.ವಿ., ಮೊಬೈಲುಗಳನ್ನು ಮುಚ್ಚಿ ದೀಪ ತಗ್ಗಿಸಿರಿ. ಮಗು ಅಂಗಾತ ಮಲಗಲಿ. ಮೂರು ಎಣಿಸುವವರೆಗೆ ಉಸಿರು ತೆಗೆದುಕೊಂಡು ಐದು ಎಣಿಸುವವರೆಗೆ ಬಿಡಲಿ. ಉಸಿರನ್ನು ಬಿಗಿಹಿಡಿಯುವುದು ಬೇಡ. ಉಸಿರು ಮೆಲ್ಲಗೆ ಹೊರಹೋಗುವಾಗ ಎದೆಬಡಿತವೂ ತಗ್ಗುತ್ತದೆ, ಮೈ ಸಡಿಲಾಗುತ್ತದೆ. ಆಮೇಲೆ ತಾಯಿಯೋ ತಂದೆಯೋ ಮೆಲುದನಿಯಲ್ಲಿ ಹೇಳಲಿ: ಹೆಬ್ಬೆರಳು ಮಲಗಿತು, ಹಿಮ್ಮಡಿ ಮಲಗಿತು, ಮೊಣಕಾಲು ಮಲಗಿತು. ಹೀಗೆ ನೆತ್ತಿಯವರೆಗೆ. ಇದನ್ನು ಶಿಕ್ಷೆಯಂತೆ ಮಾಡಿಸಬಾರದು. ದಿನವೂ ಗೊರಕೆ ಹೊಡೆಯುವ ಮಗುವನ್ನು, ವಾರಗಟ್ಟಲೆ ನಿದ್ದೆಗೆಟ್ಟ ಮಗುವನ್ನು ವೈದ್ಯರಿಗೆ ತೋರಿಸತಕ್ಕದ್ದು.

ಈಗ ನಂಟಿನ ಮಾತು. ಹಗಲೆಲ್ಲ ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಹಿಂದಿ, ಮರಾಠಿ ಆಡುವ ನಮ್ಮ ಮಗುವಿಗೆ ಹಿಮ್ಮಡಿ, ಮೀನಖಂಡ, ಕಣ್ರೆಪ್ಪೆ ಎಂಬ ಮಾತುಗಳು ಬೇರೆಲ್ಲಿ ಕಿವಿಗೆ ಬೀಳಬೇಕು? ಜೋಗುಳ ಹಾಡಿದ ಅಜ್ಜಿ ಊರಿನಲ್ಲಿ ಉಳಿದಳು. ಆಕೆಯ ಕೆಲಸವನ್ನು ಈ ಕಾಲು ಗಂಟೆ ಮಾಡಬಲ್ಲುದು. ಮನೆಮಾತು ತುಳುವೋ ಕೊಂಕಣಿಯೋ ಆಗಿದ್ದವರು ಆ ಮಾತಿನಲ್ಲೇ ಹೇಳಲಿ. ಮಗುವಿಗೆ ಅದು ತನ್ನವರ ದನಿ.

ಆದರೆ ಒಂದು ನಿಯಮ. ದೊಡ್ಡವರು ಮೊಬೈಲು ಹಿಡಿದು ಮಗುವಿಗೆ ಕಣ್ಣು ಮುಚ್ಚೆಂದರೆ ಧ್ಯಾನವಾಗದು. ಆ ಹೊತ್ತು ಮನೆಯವರೆಲ್ಲ ಸುಮ್ಮನಿರಬೇಕು. ಮಹಾನಗರ ನಮ್ಮಿಂದ ಇಡೀ ದಿನವನ್ನು ತೆಗೆದುಕೊಳ್ಳುತ್ತದೆ. ಈ ಕಾಲು ಗಂಟೆಯನ್ನಾದರೂ ಮಕ್ಕಳಿಗೆಂದು ಉಳಿಸಿಕೊಳ್ಳೋಣ. ಇಂದು ರಾತ್ರಿಯಿಂದಲೇ ತೊಡಗಬೇಕೆಂದು ತಮ್ಮಲ್ಲಿ ವಿಜ್ಞಾಪಿಸಿಕೊಳ್ಳುತ್ತೇವೆ.